ದುರ್ಬೀನ್ ಆಪರೇಷನ್ನಿನ ವಿಮರ್ಶೆ: ದೊಡ್ಡ ಕರುಳಿನ ಕ್ಯಾನ್ಸರಿಗೆ ಸಣ್ಣ ತೂತು ಸಾಕೇ?

ಕೊಲೊನೊಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಕೊಳವೆ ಬಿಟ್ಟು ದೊಡ್ಡ ಕರುಳು ನೋಡುವ ಪರೀಕ್ಷೆ) ರಿಪೋರ್ಟ್ ಕೈಗೆ ಬಂದ ದಿನ ಹುಬ್ಬಳ್ಳಿಯ ಯಾವ ದವಾಖಾನೆಯಲ್ಲಾದರೂ ಮನೆಯವರು ಮೊದಲು ಕೇಳುವ ಮಾತು ಒಂದೇ: "ಹೊಟ್ಟಿ ಕೊಯ್ತೀರೋ, ದುರ್ಬೀನ್ ಹಾಕಿ ಮಾಡ್ತೀರೋ ಡಾಕ್ಟರ್ರ?" ವಿದ್ಯಾನಗರದ ಕಿಮ್ಸ್, ನವನಗರದ ಕ್ಯಾನ್ಸರ್ ಆಸ್ಪತ್ರೆ, ಸತ್ತೂರಿನ ಎಸ್‌ಡಿಎಂ, ನಡುನಡುವೆ ಖಾಸಗಿ ಆಸ್ಪತ್ರೆಗಳು ಎಲ್ಲ ಚಿಗರಿ ಬಸ್ಸಿನ ಹಾದಿಗುಂಟ ಇವೆ. ಗದಗ, ಹಾವೇರಿ ಕಡೆಯವರೂ ಇಲ್ಲಿಗೇ ಬರುತ್ತಾರೆ. ಯಾವ ಆಸ್ಪತ್ರೆ ಮೇಲು ಎಂದು ಇಲ್ಲಿ ಅಳೆಯಲು ಹೋಗುವುದಿಲ್ಲ. ವಿಮರ್ಶೆಗೆ ಎತ್ತಿಕೊಂಡದ್ದು ಆಪರೇಷನ್ನನ್ನೇ: ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು ಮಾಡುವ ಲ್ಯಾಪ್ರೊಸ್ಕೋಪಿ, ಜನರ ಬಾಯಲ್ಲಿ ದುರ್ಬೀನ್. ದುಡ್ಡು ಕೊಟ್ಟೋ ಕಾರ್ಡ್ ತೋರಿಸಿಯೋ ಪಡೆಯುವ ಈ ಸೇವೆಯಲ್ಲಿ ನಿಜವಾಗಿ ಸಿಗುವುದೇನು, ಎಲ್ಲಿ ಕೆಡುತ್ತದೆ, ಯಾವುದನ್ನು ಕೇಳಿ ತಿಳಿದುಕೊಳ್ಳಬೇಕು ಎಂಬುದಷ್ಟೇ ಇಲ್ಲಿಯ ವಿಷಯ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಬಲಗಡೆಯ ಕರುಳು ಮತ್ತು ಎಡಗಡೆಯ ಸಿಗ್ಮಾಯ್ಡ್ (ಗುದನಾಳಕ್ಕೆ ಸೇರುವ ಮುಂಚಿನ) ಭಾಗದ ಗಡ್ಡೆಗೆ, ಕೈ ಪಳಗಿದ ಸರ್ಜನ್ ಸಿಕ್ಕರೆ, ಐದಕ್ಕೆ ನಾಲ್ಕೂವರೆ. ಗುದನಾಳದ ಗಡ್ಡೆಗೆ ಮೂರರಿಂದ ನಾಲ್ಕು, ಅದೂ ಸರ್ಜನ್ನರ ಅನುಭವ ನೋಡಿಕೊಂಡು. ಕರುಳು ಕಟ್ಟಿ ಹೊಟ್ಟೆ ಉಬ್ಬಿಸಿಕೊಂಡು ಬಂದವರಿಗೆ, ಕರುಳು ತೂತಾದವರಿಗೆ, ದೊಡ್ಡ ಗಡ್ಡೆ ಮೂತ್ರಕೋಶಕ್ಕೋ ಗರ್ಭಕೋಶಕ್ಕೋ ಕಚ್ಚಿಕೊಂಡವರಿಗೆ ಸಾಮಾನ್ಯವಾಗಿ ಹೊಟ್ಟೆ ತೆರೆದು ಮಾಡುವುದೇ ಸರಿ. ಅಂಥವರಿಗೂ "ದುರ್ಬೀನ್‌ನಿಂದಲೇ ಮಾಡ್ರಿ" ಎಂದು ಹಟ ಹಿಡಿಯಬೇಡಿ.

ಹೊರಗಿನ ಲಾಭ ಎಲ್ಲರಿಗೂ ಕಾಣುವಂಥದ್ದು. ಓಪನ್ ಆಪರೇಷನ್ನಿನಲ್ಲಿ ಹೊಕ್ಕಳ ಮೇಲೆ ಕೆಳಗೆ ಸೇರಿ ಗೇಣುದ್ದದ ಗಾಯ. ಇಲ್ಲಿ ಕ್ಯಾಮೆರಾಕ್ಕೆ ಹೊಕ್ಕಳ ಹತ್ತಿರ 10 ಮಿ.ಮೀ.ನ ತೂತು, ಕರುಳಿಗೆ ಪಿನ್ನು ಹೊಡೆದು ಕತ್ತರಿಸುವ ಸ್ಟೇಪ್ಲರ್ ಹೋಗಲು 12 ಮಿ.ಮೀ.ನದೊಂದು, ಉಳಿದ ಎರಡು ಮೂರು 5 ಮಿ.ಮೀ.ನವು. ಕತ್ತರಿಸಿದ ಕರುಳು ಆ ತೂತಿನಿಂದ ಹೊರಬರುವುದಿಲ್ಲ. ಹಾಗಾಗಿ ಕೊನೆಗೆ 4ರಿಂದ 6 ಸೆಂ.ಮೀ.ನ ಒಂದು ಗಾಯ ಮಾಡಲೇಬೇಕು. ಇದನ್ನು ಮೊದಲೇ ಬಿಡಿಸಿ ಹೇಳದಿದ್ದರೆ, ಆಮೇಲೆ "ದುರ್ಬೀನ್ ಅಂದಿದ್ರಿ, ಇದೇನು ಹೊಲಿಗಿ?" ಎಂಬ ಜಗಳ. ಆ ಗಾಯದ ಅಂಚಿಗೆ ಪ್ಲಾಸ್ಟಿಕ್ ರಿಂಗ್ ಕೂರಿಸಿ, ಗಡ್ಡೆ ಚರ್ಮಕ್ಕೂ ಸ್ನಾಯುವಿಗೂ ತಾಗದಂತೆ ಹೊರತೆಗೆಯುತ್ತಾರೆ. ಸಿಸೇರಿಯನ್ ಮಾಡಿದಂತೆ ಕೆಳಹೊಟ್ಟೆಯಲ್ಲಿ ಅಡ್ಡ ಗಾಯ ಮಾಡಿ ತೆಗೆದರೆ ಮುಂದೆ ಹರ್ನಿಯಾ ಆಗುವುದು ಕಡಿಮೆ. ಹೊಕ್ಕಳ ಬಳಿ ಉದ್ದಕ್ಕೆ ಕೊಯ್ದ ಗಾಯದಲ್ಲಿ ಅದು ಹೆಚ್ಚು.

ಆದರೆ ನೀವು ಪಡೆಯಬೇಕಾದ ಸರಕು ಹೊಟ್ಟೆಯ ಒಳಗಿದೆ. ಗಡ್ಡೆಯ ಎರಡೂ ಬದಿ ಒಳ್ಳೆಯ ಕರುಳು ಸೇರಿಸಿ ಕತ್ತರಿಸಬೇಕು. ದೊಡ್ಡ ಕರುಳಿಗೆ ವಾಡಿಕೆಯ ಅಳತೆ 5 ಸೆಂ.ಮೀ. ಆ ಭಾಗಕ್ಕೆ ರಕ್ತ ಒಯ್ಯುವ ನಾಳವನ್ನು ಅದು ಹುಟ್ಟುವ ಬುಡದಲ್ಲೇ ಕಟ್ಟಬೇಕು. ನಾಳದ ಜೊತೆಗೆ ಹಬ್ಬಿರುವ ಕೊಬ್ಬನ್ನೂ ಅದರೊಳಗಿನ ದುಗ್ಧಗ್ರಂಥಿಗಳನ್ನೂ (ಲಿಂಫ್ ನೋಡ್) ಸುತ್ತಿನ ಪೊರೆಯ ಚೀಲ ಹರಿಯದಂತೆ ಇಡಿಯಾಗಿ ತೆಗೆಯಬೇಕು. ಹೊಟ್ಟೆ ತೆರೆದರೂ ಇದೇ ಕೆಲಸ, ತೂತಿನಿಂದ ಮಾಡಿದರೂ ಇದೇ ಕೆಲಸ. ಹೊರಗೆ ನಾಲ್ಕು ಚಂದದ ತೂತು ಇದ್ದು ಒಳಗೆ ಅರ್ಧ ಕೆಲಸ ಆಗಿದ್ದರೆ ಆ ಆಪರೇಷನ್ ನಷ್ಟದ್ದು. ಇದರ ಲೆಕ್ಕ ಎರಡು ವಾರದೊಳಗೆ, ತೆಗೆದ ತುಂಡನ್ನು ಲ್ಯಾಬಿನಲ್ಲಿ ನೋಡಿ ಬರೆಯುವ ಪೆಥಾಲಜಿ ರಿಪೋರ್ಟಿನಲ್ಲಿ ಬರುತ್ತದೆ. ಅದಕ್ಕೆ ಕೊನೆಗೆ ಬರುತ್ತೇವೆ.

ದೊಡ್ಡ ಕರುಳಿನ ಲ್ಯಾಪ್ರೊಸ್ಕೋಪಿ ಆಪರೇಷನ್ನಿನ ಮೊದಲ ವರದಿ ಅಮೆರಿಕದಿಂದ 1991ರಲ್ಲಿ ಬಂತು. ಬಂದ ಹೊಸದರಲ್ಲಿ ದೊಡ್ಡ ಹೆದರಿಕೆ ಇತ್ತು: ತೂತಿನ ಜಾಗದಲ್ಲೇ ಕ್ಯಾನ್ಸರ್ ಮತ್ತೆ ಮೊಳೆಯುತ್ತದೆ ಎಂದು. 872 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಕಾಸ್ಟ್ ಅಧ್ಯಯನ 2004ರಲ್ಲಿ ಪ್ರಕಟವಾದ ಮೇಲೆ ಆ ಹೆದರಿಕೆ ಇಳಿಯಿತು. ಮೂರು ವರ್ಷದಲ್ಲಿ ರೋಗ ಮರುಕಳಿಸಿದ್ದು ಲ್ಯಾಪ್ರೊಸ್ಕೋಪಿಯಲ್ಲಿ ನೂರಕ್ಕೆ 16, ಓಪನ್‌ನಲ್ಲಿ 18. ಗಾಯದ ಜಾಗದಲ್ಲಿ ಮರುಕಳಿಸಿದ್ದು ಎರಡರಲ್ಲೂ ನೂರಕ್ಕೆ ಒಂದಕ್ಕಿಂತ ಕಡಿಮೆ. ಆಸ್ಪತ್ರೆಯಲ್ಲಿ ಉಳಿದದ್ದು 5 ದಿನ ಮತ್ತು 6 ದಿನ. ಜಾಹೀರಾತು ನೋಡಿ ಊಹಿಸಿಕೊಂಡಷ್ಟು ದೊಡ್ಡ ಅಂತರ ಅಲ್ಲಿಲ್ಲ ಎಂಬುದನ್ನು ಗಮನಿಸಿ. ಇನ್ನೊಂದು ಮಾತು: ಆ ಅಧ್ಯಯನಕ್ಕೆ ಸೇರಬೇಕಾದರೆ ಸರ್ಜನ್ ಮೊದಲೇ ಕನಿಷ್ಠ 20 ಇಂಥ ಆಪರೇಷನ್ ಮಾಡಿರಬೇಕಿತ್ತು. ಹಾಗಿದ್ದೂ ಐವರಲ್ಲಿ ಒಬ್ಬರಿಗೆ ನಡುವೆ ಹೊಟ್ಟೆ ತೆರೆಯಬೇಕಾಯಿತು. ಆದ್ದರಿಂದ "ಇದೇ ಆಪರೇಷನ್ ಎಷ್ಟು ಮಾಡೀರಿ, ಹೋದ ವರ್ಷ ಎಷ್ಟು?" ಎಂದು ಕೇಳುವುದರಲ್ಲಿ ಯಾವ ಅವಮರ್ಯಾದೆಯೂ ಇಲ್ಲ. ಪಿತ್ತಕೋಶದ ಕಲ್ಲು, ಅಪೆಂಡಿಕ್ಸ್ ಸಾವಿರ ಮಾಡಿದ ಕೈ ಬೇರೆ, ಕರುಳಿನ ಕ್ಯಾನ್ಸರ್ ಮಾಡಿದ ಕೈ ಬೇರೆ.

ಈ ಸೇವೆ ಹೆಚ್ಚಾಗಿ ಕೆಡುವುದು ಆಪರೇಷನ್ ಥಿಯೇಟರ್ ಒಳಗೆ ಹೋಗುವ ಮುಂಚೆಯೇ. ನಮ್ಮ ಕಡೆ ಕೊಲೊನೊಸ್ಕೋಪಿ ಒಂದು ಕಡೆ, ಸಿಟಿ ಸ್ಕ್ಯಾನ್ ಇನ್ನೊಂದು ಕಡೆ, ಆಪರೇಷನ್ ಮತ್ತೊಂದು ಕಡೆ ಆಗುವುದು ಸಾಮಾನ್ಯ. ಓಪನ್ ಆಪರೇಷನ್ನಿನಲ್ಲಿ ಸರ್ಜನ್ ಕರುಳನ್ನು ಬೆರಳ ನಡುವೆ ಹಿಡಿದು ಗಡ್ಡೆ ಎಲ್ಲಿದೆ ಎಂದು ಮುಟ್ಟಿ ತಿಳಿಯುತ್ತಾರೆ. ದುರ್ಬೀನ್‌ನಲ್ಲಿ ಮುಟ್ಟುವ ಕೈ ಇಲ್ಲ. ಗಡ್ಡೆ ಸಣ್ಣದಿದ್ದು ಕರುಳಿನ ಹೊರಮೈ ನುಣ್ಣಗಿದ್ದರೆ ಪರದೆಯ ಮೇಲೆ ಏನೂ ಕಾಣುವುದಿಲ್ಲ. ತಪ್ಪು ತುಂಡು ಕತ್ತರಿಸಿ ತೆಗೆಯುವ ಅಪಾಯ ಉಂಟು. ಇದಕ್ಕೆ ಪರಿಹಾರ ಸರಳ. ಕೊಲೊನೊಸ್ಕೋಪಿ ಮಾಡುವಾಗಲೇ ಗಡ್ಡೆಯ ಪಕ್ಕದಲ್ಲಿ, ಗುದದ್ವಾರದ ಕಡೆಯ ಬದಿಗೆ, ಕರುಳಿನ ಗೋಡೆಯ ಸುತ್ತ ಎರಡು ಮೂರು ಕಡೆ ಕಪ್ಪು ಶಾಯಿ ಚುಚ್ಚುತ್ತಾರೆ. ಅದು ತಿಂಗಳುಗಟ್ಟಲೆ ಅಳಿಯುವುದಿಲ್ಲ. ರಿಪೋರ್ಟಿನಲ್ಲಿ "ಟ್ಯಾಟೂ ಮಾಡಿದೆ, ಗಡ್ಡೆಯಿಂದ ಇಷ್ಟು ದೂರ, ಇಂಥ ಬದಿಗೆ" ಎಂದು ಬರೆದಿರಬೇಕು. ಬರೆದಿಲ್ಲದಿದ್ದರೆ ಆಪರೇಷನ್ ತಾರೀಖು ಗೊತ್ತುಮಾಡುವ ಮುಂಚೆ ಸರ್ಜನ್ನರ ಗಮನಕ್ಕೆ ತನ್ನಿ. ಗುದನಾಳದ ಕೆಳಭಾಗದ ಗಡ್ಡೆಗೆ ಶಾಯಿ ಬೇಕಿಲ್ಲ, ಅದು ಬೆರಳಿಗೇ ಸಿಗುತ್ತದೆ.

ಕೊಲೊನೊಸ್ಕೋಪಿ ಪೂರ್ತಿ ಆಗಿದೆಯೋ ಎಂಬುದೂ ಮುಖ್ಯ. ಗಡ್ಡೆ ಅಡ್ಡ ಬಂದು ಕೊಳವೆ ಮುಂದೆ ಹೋಗಿಲ್ಲ ಎಂದಿದ್ದರೆ ಆಚೆಗೆ ಇನ್ನೊಂದು ಗಡ್ಡೆ ಇರಬಹುದು. ಆಗ ಸಿಟಿಯಲ್ಲಿ ಆ ಭಾಗವನ್ನು ಹುಡುಕಿ ನೋಡಬೇಕು, ಆಪರೇಷನ್ ಆದ ಮೇಲೆ 3ರಿಂದ 6 ತಿಂಗಳೊಳಗೆ ಪೂರ್ತಿ ಕೊಲೊನೊಸ್ಕೋಪಿ ಮಾಡಿಸಬೇಕು. ಎದೆ ಮತ್ತು ಹೊಟ್ಟೆಯ ಸಿಟಿ, ರಕ್ತದಲ್ಲಿ ಸಿಇಎ (ಈ ಕ್ಯಾನ್ಸರಿನ ಜಾಡು ಹಿಡಿಯಲು ನೋಡುವ ಅಂಶ) ಎಲ್ಲರಿಗೂ ಬೇಕು. ಗುದನಾಳದ ಗಡ್ಡೆಗೆ ಮಾತ್ರ ಕಿಬ್ಬೊಟ್ಟೆಯ ಎಂಆರ್‌ಐ ಕಡ್ಡಾಯ. ಗಡ್ಡೆ ಸುತ್ತಲಿನ ಕೊಬ್ಬಿನ ಅಂಚಿಗೆ ಎಷ್ಟು ಹತ್ತಿರ ಬಂದಿದೆ ಎಂಬುದು ಅದರಲ್ಲೇ ತಿಳಿಯುವುದು. ಅಂಚಿಗೆ ಬಂದಿದ್ದರೆ ಮೊದಲು ಜನ 'ಕರೆಂಟ್' ಎನ್ನುವ ರೇಡಿಯೇಷನ್: ಐದು ದಿನದಲ್ಲಿ ಒಟ್ಟು 25 ಗ್ರೇ (ರೇಡಿಯೇಷನ್ನಿನ ಅಳತೆ), ಇಲ್ಲವೇ ಐದಾರು ವಾರದಲ್ಲಿ 45ರಿಂದ 50.4 ಗ್ರೇ, ಜೊತೆಗೆ ಕೆಪೆಸಿಟಬಿನ್ ಎಂಬ ಕಿಮೊ ಮಾತ್ರೆ. ಎಂಆರ್‌ಐ ಇಲ್ಲದೆ ಗುದನಾಳದ ಗಡ್ಡೆಗೆ "ನಾಳೆನ ಮಾಡೋಣು" ಎಂದರೆ, ತುರ್ತು ಇಲ್ಲದಿದ್ದಲ್ಲಿ, ಇನ್ನೊಬ್ಬರ ಅಭಿಪ್ರಾಯ ಕೇಳಿ. ಹತ್ತು ದಿನ ತಡವಾದರೆ ಕೆಡುವುದಕ್ಕಿಂತ, ರೇಡಿಯೇಷನ್ ಬೇಕಿದ್ದವರಿಗೆ ಕೊಡದೆ ಕತ್ತರಿಸಿದರೆ ಕೆಡುವುದು ಹೆಚ್ಚು.

ಈಗ ಥಿಯೇಟರ್ ಒಳಗೆ. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ ಸುಮಾರು 12 ಮಿ.ಮೀ. ಪಾದರಸದ ಒತ್ತಡದಲ್ಲಿ ಉಬ್ಬಿಸಿ ಇಡುತ್ತಾರೆ. ಎಡಗಡೆಯ ಗಡ್ಡೆಯಾದರೆ ನಡುವಿನಿಂದ ಹೊರಕ್ಕೆ ಬಿಡಿಸುತ್ತ ಹೋಗಿ, ಎಡಗಡೆಯ ಮೂತ್ರನಾಳವನ್ನು ಕಣ್ಣಿಂದ ಕಂಡು ಖಾತ್ರಿಮಾಡಿಕೊಂಡ ಮೇಲೆಯೇ ರಕ್ತನಾಳಕ್ಕೆ ಕ್ಲಿಪ್. ಗುದನಾಳದ ಸುತ್ತಿನ ಕೊಬ್ಬಿನ ಚೀಲವನ್ನು ಇಡಿಯಾಗಿ ತೆಗೆಯುವ ಕ್ರಮವನ್ನು ಇಂಗ್ಲೆಂಡಿನ ಬಿಲ್ ಹೀಲ್ಡ್ 1982ರಲ್ಲಿ ಬರೆದು ಜಗತ್ತಿಗೆ ತಿಳಿಸಿದರು. ಗುದನಾಳದ ಕ್ಯಾನ್ಸರ್ ಅದೇ ಜಾಗದಲ್ಲಿ ಮರುಕಳಿಸುವುದು ಇಳಿದದ್ದು ಅದರಿಂದ. ಚೀಲದ ಹೊರಗೆ ಸರಿದರೆ ಮೂತ್ರಕ್ಕೂ ಗಂಡಸುತನಕ್ಕೂ ಬೇಕಾದ ನರಗಳಿಗೆ ಪೆಟ್ಟು ಬೀಳುತ್ತದೆ, ಒಳಗೆ ಸರಿದರೆ ಕ್ಯಾನ್ಸರ್ ಉಳಿಯುತ್ತದೆ. ಎರಡರ ನಡುವೆ ಇರುವುದು ಜೇಡರ ಬಲೆಯಂಥ ಒಂದು ತೆಳು ಪದರ. ಆ ಪದರ ಕ್ಯಾಮೆರಾದಲ್ಲಿ ಬರಿಗಣ್ಣಿಗಿಂತ ಚೆನ್ನಾಗಿ ಕಾಣುತ್ತದೆ, ದುರ್ಬೀನ್‌ನ ನಿಜವಾದ ಗುಣ ಇದು.

ಕಷ್ಟ ಬರುವುದು ಕತ್ತರಿಸುವಲ್ಲಿ. ಗಂಡಸರ ಕಿಬ್ಬೊಟ್ಟೆ ಇಕ್ಕಟ್ಟು. ಉದ್ದ ಕೋಲಿನಂಥ ಸ್ಟೇಪ್ಲರ್ ಆ ಇಕ್ಕಟ್ಟಿನಲ್ಲಿ ಅಡ್ಡ ತಿರುಗುವುದಿಲ್ಲ, ಓರೆಯಾಗಿ ಹಿಡಿಯುತ್ತದೆ. ಒಂದೇ ಕಾರ್ಟ್ರಿಡ್ಜಿನಲ್ಲಿ (ಪಿನ್ನುಗಳ ಪಟ್ಟಿ) ಮುಗಿಯಬೇಕಾದ್ದು ಎರಡಾಗುತ್ತದೆ, ಮೂರಾಗುತ್ತದೆ. ಮೂರು ಸಲ ಹೊಡೆದ ಗೆರೆಯಲ್ಲಿ ಸಂದುಗಳು ಹೆಚ್ಚು, ಸೋರುವ ಸಾಧ್ಯತೆಯೂ ಹೆಚ್ಚು. ಸ್ಟೇಪ್ಲರ್ ಮುಚ್ಚಿದ ಕೂಡಲೇ ಹೊಡೆಯಬಾರದು. ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿದರೆ ಗೋಡೆಯೊಳಗಿನ ನೀರು ಸರಿದು ಪಿನ್ನು ಸಮನಾಗಿ ಮಡಚುತ್ತದೆ. ಗೋಡೆಯ ದಪ್ಪಕ್ಕೆ ತಕ್ಕ ಕಾರ್ಟ್ರಿಡ್ಜ್ ಆರಿಸಬೇಕು. ರೇಡಿಯೇಷನ್ ಆದ ಗುದನಾಳ ದಪ್ಪಗಿರುತ್ತದೆ. ಅದಕ್ಕೆ ಗಿಡ್ಡ ಪಿನ್ನು ಹೊಡೆದರೆ ಹಿಡಿಯುವುದಿಲ್ಲ.

ಜೋಡಣೆಗೆ ದುಂಡು ಸ್ಟೇಪ್ಲರ್. ಅದರ ತಲೆಯನ್ನು ಮೇಲಿನ ಕರುಳಿನ ತುದಿಯಲ್ಲಿ ಕೂರಿಸಿ ಲಾಡಿ ಎಳೆದಂತೆ ಹೊಲಿಗೆಯಿಂದ ಬಿಗಿಯುತ್ತಾರೆ. ಉಳಿದ ಭಾಗ ಗುದದ್ವಾರದಿಂದ ಬರುತ್ತದೆ, ಅದರ ಮೊಳೆ ಕೆಳಗಿನ ತುಂಡನ್ನು ಚುಚ್ಚಿ ಹೊರಬರುತ್ತದೆ. ಎರಡೂ ಕೂಡಿದಾಗ 'ಕ್ಲಿಕ್' ಎಂಬ ಸದ್ದು. ಹೊಡೆದು ಹೊರತೆಗೆದ ಮೇಲೆ ಸ್ಟೇಪ್ಲರಿನೊಳಗೆ ಎರಡು ಉಂಗುರದಂಥ ತುಂಡುಗಳಿರಬೇಕು, ಎರಡೂ ಎಲ್ಲೂ ಕಡಿಯದೆ ಪೂರ್ತಿ ದುಂಡಗಿರಬೇಕು. ಆಮೇಲೆ ಕಿಬ್ಬೊಟ್ಟೆಗೆ ಸಲೈನ್ ತುಂಬಿ ಗುದದ್ವಾರದಿಂದ ಗಾಳಿ ಊದುತ್ತಾರೆ. ಸೈಕಲ್ ಪಂಕ್ಚರ್ ಅಂಗಡಿಯವರು ಟ್ಯೂಬನ್ನು ಬುಟ್ಟಿಯ ನೀರಿನಲ್ಲಿ ಮುಳುಗಿಸಿ ನೋಡುವ ಪರೀಕ್ಷೆಯೇ ಇದು. ಗುಳ್ಳೆ ಬಂದರೆ ಅಲ್ಲಿ ಮತ್ತೆ ಹೊಲಿಗೆ. ಕೆಲವು ಕಡೆ ಇಂಡೊಸಯನಿನ್ ಗ್ರೀನ್ ಎಂಬ ಬಣ್ಣದ ಇಂಜೆಕ್ಷನ್ ಕೊಟ್ಟು ವಿಶೇಷ ಕ್ಯಾಮೆರಾದಲ್ಲಿ ನೋಡುತ್ತಾರೆ. ಕರುಳು ಹಸಿರಾಗಿ ಹೊಳೆದರೆ ರಕ್ತ ಹರಿಯುತ್ತಿದೆ ಎಂದರ್ಥ. ಇದ್ದರೆ ಒಳ್ಳೆಯದು.

ಒಂದು ವಿಷಯ ಕಡ್ಡಿ ಮುರಿದಂತೆ ಹೇಳಬೇಕು. ಈ ಸ್ಟೇಪ್ಲರುಗಳು ಒಬ್ಬರಿಗೆ ಒಮ್ಮೆ ಎಂದು ಮಾಡಿದವು. ತೊಳೆದು ಇನ್ನೊಬ್ಬರಿಗೆ ಬಳಸಿದರೆ ಅಲಗು ಮೊಂಡಾಗಿ, ಪಿನ್ನು ಸರಿಯಾಗಿ ಮಡಚದೆ ಜೋಡಣೆ ಕೈಕೊಡುತ್ತದೆ. ಪ್ರತಿ ಡಬ್ಬಿಯ ಮೇಲೂ ಲಾಟ್ ನಂಬರಿನ ಸ್ಟಿಕ್ಕರ್ ಇರುತ್ತದೆ. ಅದನ್ನು ಕೇಸ್ ಫೈಲಿಗೆ ಅಂಟಿಸಲು ಕೇಳಿ, ಬಿಲ್ಲಿನಲ್ಲಿ ಎಷ್ಟು ಕಾರ್ಟ್ರಿಡ್ಜ್ ಎಂದು ಇದೆಯೋ ಅಷ್ಟು ಸ್ಟಿಕ್ಕರ್ ಇವೆಯೇ ಎಂದು ಎಣಿಸಿ. ಬಿಲ್ಲು ಏರುವುದೇ ಈ ಸಾಮಾನಿನಿಂದ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮಾಡಿಸಿಕೊಳ್ಳಿ. ಗದಗ, ಹಾವೇರಿಯವರು ತಮ್ಮ ಜಿಲ್ಲಾ ಆಸ್ಪತ್ರೆಯಲ್ಲೇ ಮಾಡಿಸಿಕೊಂಡು ಬಂದರೆ ಒಂದು ಓಡಾಟ ಉಳಿಯುತ್ತದೆ. ಸ್ಟೇಪ್ಲರ್ ಪ್ಯಾಕೇಜಿನಲ್ಲಿ ಸೇರಿದೆಯೋ, ನಡುವೆ ಓಪನ್‌ಗೆ ಹೋದರೆ ದರ ಏನಾಗುತ್ತದೆ ಎಂಬುದನ್ನು ಸಹಿ ಹಾಕುವ ಮುಂಚೆ ಬರೆಸಿಕೊಳ್ಳಿ.

ನಡುವೆ ಓಪನ್‌ಗೆ ಹೋದರು ಎಂದರೆ ಸೋತರು ಎಂದು ತಿಳಿಯಬೇಡಿ. ರಕ್ತ ನಿಲ್ಲದಿದ್ದರೆ, ಹಿಂದಿನ ಆಪರೇಷನ್ನಿನಿಂದ ಕರುಳು ಹೆಣೆದುಕೊಂಡಿದ್ದರೆ, ಮೂತ್ರನಾಳ ಕಾಣದಿದ್ದರೆ ಹೊಟ್ಟೆ ತೆರೆಯುವುದೇ ಜಾಣತನ. ಅರ್ಧ ಗಂಟೆಯಲ್ಲಿ ಆ ನಿರ್ಧಾರ ಮಾಡಿದವರ ರೋಗಿ ಚೆನ್ನಾಗಿರುತ್ತಾರೆ. ನಾಲ್ಕು ತಾಸು ಗುದ್ದಾಡಿ, ರಕ್ತ ಹೋದ ಮೇಲೆ ತೆರೆದರೆ ಎರಡೂ ಕಡೆಯ ನಷ್ಟ.

ರೋಬಾಟ್ ಬಗ್ಗೆ ಬಹಳ ಜನ ಕೇಳುತ್ತಾರೆ. ಡಾ ವಿಂಚಿ ಯಂತ್ರವಿರಲಿ, ಗುರುಗ್ರಾಮದಲ್ಲಿ ತಯಾರಾಗುವ ಮಂತ್ರ ಯಂತ್ರವಿರಲಿ, ಆಪರೇಷನ್ ಮಾಡುವವರು ಸರ್ಜನ್ನರೇ. ಯಂತ್ರ ತಾನಾಗಿ ಏನನ್ನೂ ಕತ್ತರಿಸುವುದಿಲ್ಲ. 471 ರೋಗಿಗಳ ರೋಲಾರ್ ಅಧ್ಯಯನದಲ್ಲಿ (2017) ಓಪನ್‌ಗೆ ಹೋದದ್ದು ರೋಬಾಟಿನಲ್ಲಿ ಶೇ. 8.1, ಸಾದಾ ಲ್ಯಾಪ್ರೊಸ್ಕೋಪಿಯಲ್ಲಿ ಶೇ. 12.2, ಆ ಅಂತರ ಖಚಿತ ಎನ್ನುವಷ್ಟು ದೊಡ್ಡದಾಗಿರಲಿಲ್ಲ. ಆಮೇಲೆ ಚೀನಾದಲ್ಲಿ ನಡೆದ, ನಡು ಮತ್ತು ಕೆಳ ಗುದನಾಳದ ಗಡ್ಡೆಗಳ ದೊಡ್ಡ ಅಧ್ಯಯನವೊಂದು ರೋಬಾಟಿನ ಪರವಾಗಿ ಬಂದಿದೆ. ಹಾಗಾಗಿ ದಪ್ಪ ಮೈಯ ಗಂಡಸು, ಇಕ್ಕಟ್ಟಾದ ಕಿಬ್ಬೊಟ್ಟೆ, ಕೆಳಗಿನ ಗಡ್ಡೆ ಈ ಮೂರೂ ಕೂಡಿದಲ್ಲಿ ರೋಬಾಟಿಗೆ ಅರ್ಥವಿದೆ. ಬಲಗಡೆಯ ಕರುಳಿಗೆ ಅದಕ್ಕೆಂದು ಹೊಲ ಅಡವಿಡಬೇಡಿ.

ಆಪರೇಷನ್ ಆದ ಮರುದಿನ ಭುಜ ನೋಯುವುದು ಗಾಳಿ ತುಂಬಿದ್ದರಿಂದ. ಒಂದೆರಡು ದಿನದಲ್ಲಿ ಹೋಗುತ್ತದೆ. ಅದೇ ದಿನ ಕುರ್ಚಿಯಲ್ಲಿ ಕೂರಿಸಿ ನಡೆಸಬೇಕು. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್ ಕ್ಯಾನ್ಸರಿನವರಿಗೆ ನಾಲ್ಕು ವಾರ ಬೇಕಾಗಬಹುದು, ಮನೆಗೆ ಹೋಗುವಾಗ ಕೇಳಿ.

ನಾವು ಹೆಚ್ಚು ಚಿಂತೆ ಮಾಡುವುದು ಸೋರಿಕೆಯನ್ನು. ಗುದನಾಳದಲ್ಲಿ ತೀರ ಕೆಳಗೆ ಮಾಡಿದ ಜೋಡಣೆ ನೂರರಲ್ಲಿ ಹತ್ತರ ಆಸುಪಾಸಿನವರಲ್ಲಿ ಸೋರುತ್ತದೆ, ಒಳ್ಳೆಯ ಕೈಯಲ್ಲೂ. ಅದು ಕಾಣಿಸಿಕೊಳ್ಳುವುದು ಹೆಚ್ಚಾಗಿ ಮೂರನೆಯ ದಿನದಿಂದ ಏಳನೆಯ ದಿನದೊಳಗೆ. ದುರ್ಬೀನ್ ಆಪರೇಷನ್ನಿನಲ್ಲಿ ನಾಲ್ಕೈದನೆಯ ದಿನಕ್ಕೇ ಬಿಡುಗಡೆ. ಗಾಯ ಸಣ್ಣದು, ರೋಗಿ ನಡೆದಾಡುತ್ತಾರೆ, ಮನೆಯವರು "ಆರಾಮ್ ಆತು" ಎಂದು ಊರ ಬಸ್ ಹತ್ತಿಸುತ್ತಾರೆ. ಹಾವೇರಿಯಾಚೆಯ ಹಳ್ಳಿಯಲ್ಲಿ ರಾತ್ರಿ ಜ್ವರ ಬಂದರೆ ಮುಂದಿನ ತಾಸುಗಳು ಜೀವದ ಬೆಲೆಯವು. ನಾಡಿ ನೂರರ ಮೇಲೆ ಓಡುವುದು, ಜ್ವರ, ಹೊಟ್ಟೆ ಉಬ್ಬರ, ಇದ್ದಕ್ಕಿದ್ದಂತೆ ಊಟ ಬೇಡವಾಗುವುದು, ಮತ್ತೆ ಮತ್ತೆ ಸಂಡಾಸಿಗೆ ಹೋಗಬೇಕೆನಿಸಿ ಏನೂ ಆಗದಿರುವುದು: ಇವುಗಳಲ್ಲಿ ಯಾವುದಿದ್ದರೂ ಊರಿನಲ್ಲಿ ಇಂಜೆಕ್ಷನ್ ಮಾಡಿಸಿ ಬೆಳಗಿನವರೆಗೆ ಕಾಯಬೇಡಿ, ಆಪರೇಷನ್ ಮಾಡಿದಲ್ಲಿಗೇ ಹೊರಡಿ. ಮೂರನೆಯ ಅಥವಾ ನಾಲ್ಕನೆಯ ದಿನ ರಕ್ತದಲ್ಲಿ ಸಿಆರ್‌ಪಿ (ಒಳಗಿನ ಉರಿಯೂತ ತೋರಿಸುವ ಅಂಶ) ನೋಡುತ್ತಾರೆ. ಲೀಟರಿಗೆ 150 ಮಿ.ಗ್ರಾಂ. ಮೇಲಿದ್ದರೆ ಬಿಡುಗಡೆಗೆ ಅವಸರ ಬೇಡ. ದೂರದೂರಿನವರು ಎಂಟನೆಯ ದಿನದವರೆಗೆ ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಬೀಗರ ಮನೆಯಲ್ಲಿ ಉಳಿಯುವುದು ಮೇಲು.

ಕೆಳಗಿನ ಜೋಡಣೆ ಇದ್ದವರಿಗೆ ಹಲವು ಸಲ ಬಲಗಡೆ ಹೊಟ್ಟೆಯ ಮೇಲೆ ಮಲ ಹೊರಬರಲು ತಾತ್ಕಾಲಿಕ ದಾರಿ ಮಾಡಿ ಚೀಲ ಹಚ್ಚುತ್ತಾರೆ. ಸೋರಿಕೆಯನ್ನು ಅದು ತಡೆಯುವುದಿಲ್ಲ, ಸೋರಿದರೂ ಜೀವಕ್ಕೆ ಬರದಂತೆ ಕಾಯುತ್ತದೆ. ಆಪರೇಷನ್ನಿಗೆ ಮುಂಚೆಯೇ ರೋಗಿಯನ್ನು ಕೂರಿಸಿ, ನಿಲ್ಲಿಸಿ, ಧೋತರ ಅಥವಾ ಸೀರೆ ಕಟ್ಟುವ ಗೆರೆ ನೋಡಿ ಜಾಗ ಗುರುತು ಮಾಡಬೇಕು. ಮಲಗಿಸಿ ಮಾಡಿದ ಗುರುತು ಎದ್ದು ಕೂತಾಗ ಮಡಿಕೆಯೊಳಗೆ ಹೋಗಿ ಚೀಲ ನಿಲ್ಲುವುದಿಲ್ಲ. ಚೀಲವನ್ನು ಚರ್ಮಕ್ಕೆ ಅಂಟಿಸುವ ತಟ್ಟೆಯ ತೂತನ್ನು ಕರುಳಿನ ಬಾಯಿಗಿಂತ 2–3 ಮಿ.ಮೀ. ಅಷ್ಟೇ ದೊಡ್ಡದಾಗಿ ಕತ್ತರಿಸಿ. ಹೆಚ್ಚಾದರೆ ಮಲ ಚರ್ಮಕ್ಕೆ ತಾಗಿ ಸುಟ್ಟಂತೆ ಕೆಂಪಾಗುತ್ತದೆ. ಮೊದಲ ಆರು ವಾರ ಬಾಯಿ ಕುಗ್ಗುತ್ತಿರುತ್ತದೆ, ಹಾಗಾಗಿ ಪ್ರತಿ ಸಲ ಅಳೆಯಿರಿ. ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ, ತಟ್ಟೆಯನ್ನು ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಬೆವರಿಗೆ ಅದಕ್ಕಿಂತ ಬೇಗ ಬಿಡುತ್ತದೆ. ತಗಡಿನ ಮನೆಯಲ್ಲಿ ತಟ್ಟೆಗಳ ಡಬ್ಬಿಯನ್ನು ಛಾವಣಿಯ ಹತ್ತಿರ ಇಡಬೇಡಿ, ಅಂಟು ಕರಗುತ್ತದೆ. ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಹೋದರೆ ಬರೀ ನೀರು ಕುಡಿದು ಪ್ರಯೋಜನವಿಲ್ಲ, ಓಆರ್‌ಎಸ್ ಬೇಕು, ಆಸ್ಪತ್ರೆಗೂ ತಿಳಿಸಬೇಕು. ಹಸಿ ಕೊಬ್ಬರಿ, ಗೋವಿನಜೋಳದ ತೆನೆ ಆ ಬಾಯಿಯಲ್ಲಿ ಸಿಕ್ಕಿಬೀಳುತ್ತವೆ. ಚೀಲ ಮುಚ್ಚುವವರೆಗೆ ಬಿಡಿ. ಮೆತ್ತನ್ನ ಬಿಸಿ ರೊಟ್ಟಿ ಹಾಲಿನಲ್ಲಿ ನೆನೆಸಿ ತಿನ್ನಬಹುದು, ಕಟಕ ರೊಟ್ಟಿ ಆರು ವಾರ ಬೇಡ. ಎಲ್ಲ ಸರಿಯಿದ್ದರೆ 8ರಿಂದ 12 ವಾರಕ್ಕೆ ಚೀಲ ಮುಚ್ಚುತ್ತಾರೆ, ಕಿಮೊ ಇದ್ದರೆ ಕೆಲವೊಮ್ಮೆ ಆಮೇಲೆ. ಮುಚ್ಚಿದ ಮೇಲೆ ದಿನಕ್ಕೆ ಐದಾರು ಸಲ ಸಂಡಾಸು, ತಡೆಯಲಾಗದ ಅವಸರ ಬಹಳ ಜನರಿಗೆ ತಿಂಗಳುಗಟ್ಟಲೆ ಇರುತ್ತದೆ. ಇದನ್ನು ಮೊದಲೇ ಹೇಳದಿರುವುದು ಈ ಸೇವೆಯ ದೊಡ್ಡ ಕೊರತೆ ಎಂದೇ ನಮ್ಮ ಎಣಿಕೆ.

ಗಾಯ ಸಣ್ಣದಾದ್ದರಿಂದ ದುಡಿಮೆಗೆ ಬೇಗ ಇಳಿಯುವ ತಪ್ಪೂ ಇದೆ. ಮೆಣಸಿನಕಾಯಿ ಚೀಲ, ಗೋವಿನಜೋಳದ ಚೀಲ ಎತ್ತುವುದು ಆರು ವಾರ ಬೇಡ; ತುಂಬಿದ ಕೊಡವೂ ಬೇಡ.

ಇನ್ನು ಪೆಥಾಲಜಿ ರಿಪೋರ್ಟ್. ಹೊಲಿಗೆ ತೆಗೆಸಲು ಹೋದ ದಿನ ಇದನ್ನು ಕೈಯಲ್ಲಿ ಹಿಡಿದು ಸರ್ಜನ್ನರ ಎದುರು ಕೂತು ಸಾಲು ಸಾಲು ಕೇಳಿ. ಎಷ್ಟು ದುಗ್ಧಗ್ರಂಥಿ ಸಿಕ್ಕಿವೆ? ಕನಿಷ್ಠ 12 ಇರಬೇಕು. ರೇಡಿಯೇಷನ್ ಆದವರಲ್ಲಿ ಕಡಿಮೆ ಸಿಗಬಹುದು, ಉಳಿದವರಲ್ಲಿ ಆರೋ ಏಳೋ ಎಂದಿದ್ದರೆ ತೆಗೆದದ್ದು ಕಡಿಮೆಯೋ, ಲ್ಯಾಬಿನಲ್ಲಿ ಹುಡುಕಿದ್ದು ಕಡಿಮೆಯೋ ಎಂದು ಕೇಳಿ. ಉಳಿದ ಕೊಬ್ಬಿನಲ್ಲಿ ಮತ್ತೆ ಹುಡುಕಲು ಬರುತ್ತದೆ. ಎರಡೂ ತುದಿಯ ಅಂಚು ಶುದ್ಧವೇ? ಗುದನಾಳದ್ದಾದರೆ ಸುತ್ತಿನ ಅಂಚು ಎಷ್ಟು? 1 ಮಿ.ಮೀ. ಅಥವಾ ಅದರೊಳಗೆ ಕ್ಯಾನ್ಸರ್ ಇದ್ದರೆ ಅಂಚಿಗೆ ತಾಗಿದೆ ಎಂದೇ ಲೆಕ್ಕ. ಕೊಬ್ಬಿನ ಚೀಲ ಪೂರ್ತಿಯೋ, ಬಹುಪಾಲೋ, ಅಪೂರ್ಣವೋ ಎಂಬ ಸಾಲು ಇದೆಯೇ? ಬಹಳ ರಿಪೋರ್ಟುಗಳಲ್ಲಿ ಈ ಸಾಲೇ ಇರುವುದಿಲ್ಲ. ಗುದನಾಳಕ್ಕೆ ದುರ್ಬೀನ್ ಒಳ್ಳೆಯದೋ ಅಲ್ಲವೋ ಎಂಬ ವಾದ 2015ರಲ್ಲಿ ಮತ್ತೆ ಎದ್ದದ್ದು ಇಂಥ ಸಾಲುಗಳ ಮೇಲೆಯೇ: ಅಮೆರಿಕದ ಒಂದು, ಆಸ್ಟ್ರೇಲಿಯಾ–ನ್ಯೂಜಿಲೆಂಡಿನ ಒಂದು ಅಧ್ಯಯನ ಅದು ಓಪನ್‌ಗೆ ಸಮ ಎಂದು ಸಾಬೀತು ಮಾಡಲಾಗಲಿಲ್ಲ. ಅದೇ ವರ್ಷ ಪ್ರಕಟವಾದ, 1,044 ರೋಗಿಗಳ ಕಲರ್-2 ಅಧ್ಯಯನದಲ್ಲಿ ಮೂರು ವರ್ಷಕ್ಕೆ ಅದೇ ಜಾಗದಲ್ಲಿ ಮರುಕಳಿಸಿದ್ದು ಎರಡರಲ್ಲೂ ಶೇ. 5.

ಗ್ರಂಥಿಯಲ್ಲಿ ಕ್ಯಾನ್ಸರ್ ಇದ್ದರೆ ಸಾಮಾನ್ಯವಾಗಿ ಕಿಮೊ ಬೇಕಾಗುತ್ತದೆ. ಆಪರೇಷನ್ ಆದ ಎಂಟು ವಾರದೊಳಗೆ ಅದು ಶುರುವಾಗಬೇಕು, ಹಾಗಾಗಿ ರಿಪೋರ್ಟಿಗಾಗಿ ತಿಂಗಳು ಕಾಯುತ್ತ ಕೂರಬೇಡಿ. ಮೂರನೆಯ ವಾರಕ್ಕೂ ಬಂದಿರದಿದ್ದರೆ ಲ್ಯಾಬಿಗೇ ಹೋಗಿ ಕೇಳಿ. ಎಂಎಂಆರ್ ಪರೀಕ್ಷೆ (ಮನೆತನದಲ್ಲಿ ಬರುವ ಕ್ಯಾನ್ಸರಿನ ಸುಳಿವು ಕೊಡುವಂಥದ್ದು) ಮಾಡಿದ್ದಾರೆಯೇ ಎಂದು ಅಲ್ಲೇ ನೋಡಿ, ರೋಗಿ ಐವತ್ತರೊಳಗಿನವರಾದರೆ ಖಂಡಿತ. ಗಡ್ಡೆಯ ತುಣುಕು ಇಟ್ಟ ಮೇಣದ ಬ್ಲಾಕ್ ಮತ್ತು ಗಾಜಿನ ಸ್ಲೈಡ್‌ಗಳನ್ನು ಬರೆದುಕೊಟ್ಟು ಪಡೆದು, ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟುಕೊಳ್ಳಿ. ನವನಗರಕ್ಕೆ ಹೋಗಲಿ, ಬೆಂಗಳೂರಿನ ಕಿದ್ವಾಯಿಗೆ ಹೋಗಲಿ, ಹೊಸ ಡಾಕ್ಟರು ಮೊದಲು ಕೇಳುವುದು ಅದನ್ನೇ.